ಚಳಿಯ ಊರಿನಲ್ಲಿ ಐಸ್ ಯಂತ್ರಕ್ಕೊಬ್ಬ ಮೆಕ್ಯಾನಿಕ್

ಮಾರ್ಚ್ ತಿಂಗಳ ಎರಡನೆಯ ವಾರದ ಒಂದು ಸಂಜೆ, ಅಡುಗೆಮನೆಯ ಮೂಲೆಯಲ್ಲಿದ್ದ ಐಸ್ ಮಾಡುವ ಯಂತ್ರ ಅದುವರೆಗೆ ಕೇಳದ ಸದ್ದೊಂದನ್ನು ಹೊರಡಿಸತೊಡಗಿತು. ನಾಲ್ಕೈದು ಸೆಕೆಂಡು ಗುಂಯ್ ಎನ್ನುವುದು, ಟಕ್ ಎಂದು ಸುಮ್ಮನಾಗುವುದು, ಎರಡು ಮೂರು ನಿಮಿಷ ಕಳೆದ ಮೇಲೆ ಮತ್ತೆ ಗುಂಯ್, ಮತ್ತೆ ಟಕ್. ಫ್ಯಾನು ತಿರುಗುತ್ತಿತ್ತು, ಪಂಪು ನೀರನ್ನು ತಟ್ಟೆಗೆ ಏರಿಸುತ್ತಿತ್ತು, ಮುಂದಿನ ದೀಪಗಳು ಏನೂ ಆಗಿಲ್ಲವೆಂಬಂತೆ ಉರಿಯುತ್ತಿದ್ದವು. ಮುಚ್ಚಳ ತೆರೆದು ನೋಡಿದರೆ ಬುಟ್ಟಿ ಖಾಲಿ. ಐಸ್ ಹಿಡಿಯಬೇಕಾದ ಲೋಹದ ಬೆರಳುಗಳು ಕೋಣೆಯ ಗಾಳಿಯಷ್ಟೇ ಬೆಚ್ಚಗಿದ್ದವು.

ಕೊಡಗಿನ ನಾಪೋಕ್ಲಿನಿಂದಾಚೆ, ಕಕ್ಕಬ್ಬೆಯ ದಾರಿಯಲ್ಲಿ, ಡಿಸೆಂಬರಿನ ಬೆಳಗ್ಗೆ ಕೈ ತೊಳೆಯಲೂ ಬಿಸಿನೀರು ಕಾಯಿಸುವ ಮನೆಯಲ್ಲಿ ಐಸ್ ಯಂತ್ರವೇಕೆ ಎಂದು ಬಂದವರೆಲ್ಲ ಕೇಳಿದ್ದಾರೆ. ಕೆಲವರು ಕೇಳುವ ಮೊದಲೇ ಉತ್ತರವನ್ನು ಊಹಿಸಿ, ಸಂಜೆಯ ಗ್ಲಾಸಿನ ಕಡೆಗೆ ಕಣ್ಣು ಮಿಟುಕಿಸಿಯೂ ಇದ್ದಾರೆ. ನಿಜವಾದ ಕಾರಣ ಅವ್ವನ ಮಂಡಿ. ಹಿಂದಿನ ವರ್ಷ ಬಲಗಾಲಿಗೆ, ಈ ವರ್ಷ ಫೆಬ್ರವರಿಯಲ್ಲಿ ಎಡಗಾಲಿಗೆ ಮಂಡಿಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ವ್ಯಾಯಾಮ ಮಾಡಿಸಿದ ಮೇಲೆಲ್ಲ ಹದಿನೈದು ಇಪ್ಪತ್ತು ನಿಮಿಷ ಐಸ್ ಇಡಿ ಎಂದು ಫಿಸಿಯೋಥೆರಪಿಯವರು ಹೇಳಿ ಕಳುಹಿಸಿದ್ದರು. ಫ್ರಿಜ್ಜಿನ ಎರಡು ಟ್ರೇಗಳು ಒಂದು ಸಲಕ್ಕೆ ಸಾಕಾದರೆ ಇನ್ನೊಂದು ಸಲಕ್ಕೆ ಮಧ್ಯಾಹ್ನ ಕಳೆಯುವವರೆಗೆ ಕಾಯಬೇಕಾಗುತ್ತಿತ್ತು; ನಡುವೆ ಕರೆಂಟು ಹೋದರೆ ಆ ಲೆಕ್ಕವೂ ತಪ್ಪುತ್ತಿತ್ತು. ಬೆಂಗಳೂರಿನ ಭಾವ ಮೊದಲ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಆನ್‌ಲೈನಿನಲ್ಲಿ ಈ ಪುಟ್ಟ ಯಂತ್ರವನ್ನು ತರಿಸಿಕೊಟ್ಟರು. ದಿನಕ್ಕೆ 12 ಕೆ.ಜಿ. ಐಸ್ ಮಾಡುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನಮಗೆ ಅದರ ಕಾಲುಭಾಗ ಸಿಕ್ಕರೂ ಸಾಕಾಗಿತ್ತು, ಮತ್ತು ಅದು ಸಿಗುತ್ತಲೂ ಇತ್ತು.

ಈ ಯಂತ್ರ ಕೆಲಸ ಮಾಡುವ ಬಗೆ ತಿಳಿದಿದ್ದರೆ ಅದರ ಕಾಯಿಲೆಯನ್ನು ಹೇಳುವುದು ಸುಲಭ. ನನಗೆ ಆಗ ತಿಳಿದಿರಲಿಲ್ಲ, ಈಗ ತಕ್ಕಮಟ್ಟಿಗೆ ತಿಳಿದಿದೆ. ಒಳಗೆ ಕೆಳಮುಖವಾಗಿ ಒಂಬತ್ತು ಲೋಹದ ಬೆರಳುಗಳಿವೆ. ಕೆಳಗಿನ ತೊಟ್ಟಿಯ ನೀರನ್ನು ಸಣ್ಣ ಪಂಪೊಂದು ಮೇಲೆತ್ತಿ, ಈ ಬೆರಳುಗಳು ಮುಳುಗುವಂತೆ ತಟ್ಟೆಯಲ್ಲಿ ತುಂಬಿಸುತ್ತದೆ. ಫ್ರಿಜ್ಜಿನಲ್ಲಿರುವಂಥದೇ, ಆದರೆ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಕಂಪ್ರೆಸರು ಬೆರಳುಗಳೊಳಗೆ ಅನಿಲವನ್ನು ಹರಿಸಿ ಅವುಗಳನ್ನು ತಣ್ಣಗಾಗಿಸಿದಂತೆ, ಪ್ರತಿ ಬೆರಳಿನ ಸುತ್ತ ಟೋಪಿಯಂತೆ ಐಸ್ ಕಟ್ಟುತ್ತದೆ. ಏಳೆಂಟು ನಿಮಿಷವಾದ ಮೇಲೆ ತಟ್ಟೆ ಮಗುಚಿಕೊಳ್ಳುತ್ತದೆ, ಉಳಿದ ನೀರು ತೊಟ್ಟಿಗೆ ಹಿಂದಿರುಗುತ್ತದೆ, ಒಂದು ಕವಾಟ ತೆರೆದು ಬಿಸಿ ಅನಿಲವೇ ಬೆರಳುಗಳೊಳಗೆ ನುಗ್ಗಿ ಟೋಪಿಗಳನ್ನು ಸಡಿಲಿಸುತ್ತದೆ. ಸಲಿಕೆಯಂಥ ಒಂದು ಪಟ್ಟಿ ಅವುಗಳನ್ನು ಬುಟ್ಟಿಗೆ ತಳ್ಳುತ್ತದೆ. ಬುಟ್ಟಿ ತುಂಬಿತೆಂದು ತಿಳಿಯಲು ಪಕ್ಕದಲ್ಲೊಂದು ಕಣ್ಣಿಲ್ಲದ ಕಣ್ಣು, ಅಂದರೆ ಇನ್‌ಫ್ರಾರೆಡ್ ಸೆನ್ಸರ್, ಇದೆ. ಬುಟ್ಟಿಯ ಜಾಗ ಫ್ರೀಜರಲ್ಲ. ತೆಗೆಯದೆ ಬಿಟ್ಟ ಐಸ್ ಕರಗಿ ಅದೇ ತೊಟ್ಟಿಗೆ ಇಳಿದು ಮತ್ತೆ ಐಸಾಗುತ್ತದೆ. ಇಷ್ಟೇ ಅದರ ಸಂಸಾರ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕೈಪಿಡಿಯಲ್ಲಿದ್ದ ಸೇವಾ ಸಂಖ್ಯೆಗೆ ಕರೆ ಮಾಡಿದೆ. ಒಂದು ವರ್ಷದ ವಾರಂಟಿ ಮುಗಿದಿತ್ತು, ಅದನ್ನು ನಾನೇ ಮೊದಲು ಹೇಳಿದೆ. ಹಣ ಕೊಟ್ಟು ರಿಪೇರಿ ಮಾಡಿಸಿಕೊಳ್ಳುತ್ತೇನೆ, ಒಬ್ಬರನ್ನು ಕಳುಹಿಸಿ ಎಂದೆ. ಆ ಕಡೆಯ ಹುಡುಗಿ ಪಿನ್‌ಕೋಡ್ ಕೇಳಿದಳು. 571ರಿಂದ ಶುರುವಾಗುವ ಸಂಖ್ಯೆಯನ್ನು ಹೇಳಿದೆ. ಮಂಡ್ಯದ ಹಳ್ಳಿಗಳಿಗೂ ಮೈಸೂರು ಜಿಲ್ಲೆಯ ಹಳ್ಳಿಗಳಿಗೂ ನಮಗೂ ಶುರುವಿನ ಮೂರು ಅಂಕಿ ಒಂದೇ ಆದ್ದರಿಂದ ಅವಳಿಗೆ ಒಂದು ಕ್ಷಣ ಭರವಸೆ ಮೂಡಿರಬೇಕು. ಉಳಿದ ಮೂರನ್ನು ಹೇಳುತ್ತಿದ್ದಂತೆ, ಆ ಪ್ರದೇಶಕ್ಕೆ ಸೇವೆ ಲಭ್ಯವಿಲ್ಲ ಎಂಬ ವಾಕ್ಯವನ್ನು ಓದಿದಳು. ಯಂತ್ರವನ್ನು ನಮ್ಮದೇ ಖರ್ಚಿನಲ್ಲಿ ಬೆಂಗಳೂರಿಗೆ ಕೊರಿಯರ್ ಮಾಡಿದರೆ ನೋಡುತ್ತಾರಂತೆ, ನೋಡುವುದಕ್ಕೆ ಮೂರು ವಾರವಾಗಬಹುದಂತೆ. ಅವ್ವನ ಮಂಡಿಗೆ ಮೂರು ವಾರವೆಂದರೆ ಏನು ಎಂಬುದನ್ನು ಅವಳಿಗೆ ವಿವರಿಸಿ ಪ್ರಯೋಜನವಿರಲಿಲ್ಲ. ಅವಳ ಮುಂದಿನ ಪರದೆಯಲ್ಲಿ ಮಂಡಿಗೆ ಜಾಗವಿರಲಿಲ್ಲ.

ಆಮೇಲೆ ಫೋನಿನಲ್ಲಿ ಹುಡುಕಿದೆ. ಹತ್ತಿರದ ಐಸ್ ಯಂತ್ರ ರಿಪೇರಿ ಎಂದು ಕೇಳಿದರೆ ಮಡಿಕೇರಿಯ ಹೆಸರು ಹಾಕಿಕೊಂಡ ನಾಲ್ಕಾರು ಸಂಖ್ಯೆಗಳು ಬಂದವು. ಒಂದಕ್ಕೂ ಅಂಗಡಿಯ ವಿಳಾಸವಿರಲಿಲ್ಲ. ಒಂದಕ್ಕೆ ಕರೆ ಮಾಡಿದಾಗ ಹಿಂದಿಯಲ್ಲಿ ಮಾತನಾಡಿದ ವ್ಯಕ್ತಿ, ನೋಂದಣಿಗೆಂದು ಕೇವಲ 10 ರೂಪಾಯಿ ಕಳುಹಿಸಿ, ನಾನು ಕಳುಹಿಸುವ ಆ್ಯಪ್ ಹಾಕಿಕೊಳ್ಳಿ ಎಂದ. ನಾಪೋಕ್ಲು ಎಲ್ಲಿದೆ ಎಂದು ಕೇಳಿದೆ. ಮಡಿಕೇರಿಯ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಎಂದ. ಇಪ್ಪತ್ತು ಕಿಲೋಮೀಟರಿನ ಅಷ್ಟೂ ತಿರುವುಗಳನ್ನು ಒಂದೇ ಮಾತಿನಲ್ಲಿ ನೇರ ಮಾಡಿದ ಆ ಪುಣ್ಯಾತ್ಮನಿಗೆ ಕೈಮುಗಿದು ಕರೆ ಕತ್ತರಿಸಿದೆ. ಪರದೆಯನ್ನು ಅವರಿಗೆ ತೋರಿಸುವ ಆ್ಯಪ್ ಹಾಕಿಕೊಂಡು ಬ್ಯಾಂಕಿನ ಹಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದು ನೆನಪಿಗೆ ಬಾರದಿದ್ದರೆ, ಆ ಹತ್ತು ರೂಪಾಯಿ ಎಷ್ಟಕ್ಕೆ ಹೋಗಿ ನಿಲ್ಲುತ್ತಿತ್ತೋ. ಅಂಥದ್ದು ಆಗಿಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕಾನೂನಿನ ದಾರಿಯನ್ನೂ ಒಂದು ರಾತ್ರಿ ಕೂತು ನೋಡಿದೆ, ಸಿಟ್ಟು ಇಳಿಯಬೇಕಲ್ಲ. ಗ್ರಾಹಕರಿಗೆ ತಮ್ಮ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಅವಕಾಶ ಸಿಗಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನು ತೆರೆದಿದೆ. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಮಗ್ರಿ, ಗೃಹೋಪಯೋಗಿ ವಸ್ತು, ವಾಹನ ಎಂದು ವಿಭಾಗಗಳಿವೆ. ಹೆಸರುವಾಸಿ ಕಂಪನಿಗಳ ಫ್ರಿಜ್ಜಿನವರಿಗೆ ಅದರಿಂದ ಅನುಕೂಲವಿದೆ. ನಮ್ಮ ಯಂತ್ರವನ್ನು ತರಿಸಿ ಮಾರಿದ ಸಂಸ್ಥೆ ಅದರಲ್ಲಿ ಕಾಣಲಿಲ್ಲ. 1915 ಎಂಬ ಸಂಖ್ಯೆಯ ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಿದವರು ಎಲ್ಲಿಯವರೇ ಆಗಿರಲಿ, ನಾನು ಮಡಿಕೇರಿಗೆ ಹೋದರೆ ಸಾಕು. ವಾರಂಟಿ ಇರುವಾಗಲೇ ಈ ಪಿನ್‌ಕೋಡಿನ ಮಾತು ಬಂದಿದ್ದರೆ ಖಂಡಿತ ಹೋಗುತ್ತಿದ್ದೆ, ಏಕೆಂದರೆ ಈ ಪಿನ್‌ಕೋಡಿಗೆ ಯಂತ್ರವನ್ನು ತಲುಪಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ನ್ಯಾಯಕ್ಕಿಂತ ಹೆಚ್ಚಾಗಿ ಐಸ್.

ಮೂರನೆಯ ಪ್ರಯತ್ನ ಮಡಿಕೇರಿಯ ಶುಕ್ರವಾರದ ಸಂತೆಯ ದಿನ. ತರಕಾರಿ ಚೀಲಗಳ ನಡುವೆ ಯಂತ್ರವನ್ನೂ ಜೀಪಿನಲ್ಲಿಟ್ಟುಕೊಂಡು ಹೋಗಿ, ಫ್ರಿಜ್ ರಿಪೇರಿಯ ಒಂದು ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯಾತ ಪ್ಲಗ್ಗು ಹಾಕಲಿಲ್ಲ, ಮೀಟರು ಹಚ್ಚಲಿಲ್ಲ. ಐಸ್ ಆಗುತ್ತಿಲ್ಲ ಎಂಬ ನನ್ನ ಮಾತು ಮುಗಿಯುವ ಮೊದಲೇ ಗ್ಯಾಸ್ ಖಾಲಿಯಾಗಿದೆ ಎಂದ. ಗ್ಯಾಸ್ ಹಾಕಲು 2,500 ರೂಪಾಯಿ, ಗ್ಯಾರಂಟಿ ಇಲ್ಲ, ಬಿಟ್ಟುಹೋಗಿ ಎಂದ. ಹೊಸ ಯಂತ್ರದ ಬೆಲೆಯ ಕಾಲುಭಾಗ ಅದು. ಬಿಟ್ಟುಬರಲು ಮನಸ್ಸಾಗದೆ ವಾಪಸು ತಂದೆ. ಈ ಗ್ಯಾಸ್ ಖಾಲಿಯಾಗುವ ಮಾತನ್ನು ನಾವೆಲ್ಲರೂ ಎಷ್ಟು ಸಲೀಸಾಗಿ ನಂಬಿಬಿಡುತ್ತೇವೆ ಎಂಬುದು ನನಗೆ ಈಗ ಸೋಜಿಗವೆನಿಸುತ್ತದೆ. ಅಡುಗೆಯ ಸಿಲಿಂಡರಿನ ಗ್ಯಾಸ್ ಉರಿದು ಮುಗಿಯುತ್ತದೆ, ಆದ್ದರಿಂದ ಫ್ರಿಜ್ಜಿನದೂ ಮುಗಿಯಬಹುದೆಂದು ನಮ್ಮ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಫ್ರಿಜ್ಜಿನಲ್ಲಾಗಲಿ ಐಸ್ ಯಂತ್ರದಲ್ಲಾಗಲಿ ಅನಿಲ ಬೆಸುಗೆ ಹಾಕಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ, ಬಳಕೆಯಿಂದ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆಯನ್ನು ಹುಡುಕಿ ಮುಚ್ಚದೆ ಗ್ಯಾಸ್ ತುಂಬಿಸುವವನು ತೂತು ಕೊಡಕ್ಕೆ ನೀರು ಹೊಯ್ದು ಹಣ ಕೇಳುತ್ತಿದ್ದಾನೆ.

ಮನೆಗೆ ಬರುವ ದಾರಿಯಲ್ಲಿ ನಾಪೋಕ್ಲಿನಲ್ಲಿ ಮೀನು ಕೊಳ್ಳಲು ನಿಲ್ಲಿಸಿದೆ. ನಾವು ಕಾಕಾ ಎಂದು ಕರೆಯುವ ಹಿರಿಯರೊಬ್ಬರ ಅಂಗಡಿ. ಅವರು ಥರ್ಮೋಕೋಲ್ ಪೆಟ್ಟಿಗೆಯ ಐಸಿನೊಳಗೆ ಮೊಣಕೈವರೆಗೆ ಕೈ ಹಾಕಿ ಬಂಗುಡೆ ತೆಗೆಯುತ್ತಿದ್ದರು. ಹಿಂದೆ ದೊಡ್ಡ ಡೀಪ್ ಫ್ರೀಜರೊಂದು ಗುನುಗುತ್ತಿತ್ತು. ಆಗ ಹೊಳೆಯಿತು. ಒಂದು ವಾರದಿಂದ ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತು. ಐಸ್ ಯಂತ್ರ ರಿಪೇರಿ ಮಾಡುವವರು ಯಾರು ಎಂದು ಕೇಳಿದರೆ ಕೊಡಗಿನಲ್ಲಿ ಉತ್ತರ ಸಿಗುವುದಿಲ್ಲ, ಏಕೆಂದರೆ ಮನೆಯಲ್ಲಿ ಐಸ್ ಯಂತ್ರ ಇಟ್ಟುಕೊಂಡವರೇ ಅಪರೂಪ. ತಣ್ಣಗಿರಬೇಕಾದದ್ದು ಒಂದು ರಾತ್ರಿ ತಣ್ಣಗಿರದಿದ್ದರೆ ಮುಳುಗಿಹೋಗುವವರು ಯಾರು, ಅವರು ಯಾರನ್ನು ಕರೆಯುತ್ತಾರೆ ಎಂದು ಕೇಳಬೇಕಿತ್ತು. ಮೀನಿನ ಅಂಗಡಿ, ಹಂದಿಮಾಂಸದ ಅಂಗಡಿ, ಬೇಕರಿಯ ಗಾಜಿನ ಕಪಾಟು, ಹಾಲಿನ ಸೊಸೈಟಿಯ ಕೂಲರು, ವೈನ್ ಶಾಪಿನ ಫ್ರಿಜ್ಜು: ಇವರಿಗೆ ಬೆಂಗಳೂರಿಗೆ ಕೊರಿಯರ್ ಮಾಡುವ ವ್ಯವಧಾನವಿಲ್ಲ, ಸುಳ್ಳು ಹೇಳಿದ ಮೆಕ್ಯಾನಿಕ್ಕನ್ನು ಎರಡನೆಯ ಸಲ ಕರೆಯುವ ಔದಾರ್ಯವೂ ಇಲ್ಲ.

"ಕಾಕಾ, ನಿಮ್ಮ ಫ್ರೀಜರು ಕೆಟ್ಟರೆ ಯಾರು ಬರುತ್ತಾರೆ?" ಎಂದೆ.

"ಕೆಟ್ಟರೆ ಅಂತ ಯಾಕೆ ಕೇಳ್ತೀರಿ ಮೋಳೇ, ಕೆಟ್ಟಾಗಲೆಲ್ಲ ಅಂತ ಕೇಳಿ" ಎಂದು ನಕ್ಕು, ಕೈ ಒರೆಸಿಕೊಂಡು, ಫ್ರೀಜರಿನ ಬದಿಗೆ ಮಾರ್ಕರಿನಲ್ಲಿ ಬರೆದಿದ್ದ ಫೋನ್ ಸಂಖ್ಯೆಯನ್ನು ತೋರಿಸಿದರು. ಆ ಸಂಖ್ಯೆಯ ಕೆಳಗೆ ನಾಲ್ಕೈದು ತಾರೀಕುಗಳೂ ಇದ್ದವು. ಮೂರ್ನಾಡಿನ ಕಡೆಯ ಹುಡುಗ, ಐ.ಟಿ.ಐ.ಯಲ್ಲಿ ಎರಡು ವರ್ಷದ ಫ್ರಿಜ್ ಮತ್ತು ಎ.ಸಿ. ಟ್ರೇಡು ಓದಿದವನು, ಮೈಸೂರಿನಲ್ಲಿ ಕೆಲಸ ಮಾಡಿ ವಾಪಸು ಬಂದವನು ಎಂದರು. "ಬೇಡದ್ದಕ್ಕೆ ಬಿಚ್ಚುವುದಿಲ್ಲ" ಎಂಬುದು ಅವರು ಕೊಟ್ಟ ಪ್ರಮಾಣಪತ್ರ.

ಆತ ಫೋನಿನಲ್ಲಿಯೇ ನನ್ನನ್ನು ಪರೀಕ್ಷೆಗೆ ಒಡ್ಡಿದ. ಕಂಪ್ರೆಸರು ಓಡುತ್ತಿದೆಯೋ ಅಥವಾ ಓಡಲು ನೋಡಿ ನಿಲ್ಲುತ್ತಿದೆಯೋ, ಟಕ್ ಎಂಬ ಸದ್ದಿಗೂ ಮುಂದಿನ ಟಕ್‌ಗೂ ನಡುವೆ ಎಷ್ಟು ಹೊತ್ತು, ಹಿಂದಿನ ಜಾಲರಿಯಿಂದ ಬಿಸಿ ಗಾಳಿ ಬರುತ್ತಿದೆಯೇ, ಹಗಲಲ್ಲೂ ಹೀಗೆಯೇ ಆಗುತ್ತದೆಯೇ ಅಥವಾ ಸಂಜೆ ಮಾತ್ರವೇ, ಸ್ಟೆಬಿಲೈಸರ್ ಇದೆಯೇ. ಹೇಳಲು ತಡವರಿಸಿದ್ದಕ್ಕೆ "ನೋಡಿ ಬಂದು ಹೇಳಿ ಅಕ್ಕ, ನಾನು ಲೈನಿನಲ್ಲೇ ಇರುತ್ತೇನೆ" ಎಂದ. ಮೊಬೈಲನ್ನು ಯಂತ್ರದ ಪಕ್ಕದಲ್ಲಿಟ್ಟು ಸದ್ದು ಕೇಳಿಸಿದೆ. ಕಂಪ್ರೆಸರು ಓಡುತ್ತಲೇ ಇದ್ದು, ಐದಾರು ನಿಮಿಷವಾದರೂ ಜಾಲರಿಯೂ ಬಿಸಿಯಾಗದೆ ಬೆರಳುಗಳೂ ತಣ್ಣಗಾಗದಿದ್ದರೆ ಆಗ ಗ್ಯಾಸಿನ ಅನುಮಾನಪಡಬೇಕಂತೆ. ಗುಂಯ್ ಎಂದು ಟಕ್ ಎನ್ನುವ ಯಂತ್ರದಲ್ಲಿ ಕಂಪ್ರೆಸರು ಓಡಿಯೇ ಇಲ್ಲದಿರುವಾಗ ಗ್ಯಾಸಿನ ಮಾತೇ ಬರುವುದಿಲ್ಲವಂತೆ. ಐಸ್ ಕಟ್ಟಿಯೂ ಬೆರಳಿನಿಂದ ಕಳಚಿಕೊಳ್ಳದಿದ್ದರೆ ಬಿಸಿ ಅನಿಲದ ಕವಾಟ. ಬುಟ್ಟಿ ಖಾಲಿಯಿದ್ದರೂ ತುಂಬಿದೆ ಎನ್ನುವ ದೀಪ ಹತ್ತಿದರೆ ಸೆನ್ಸರಿನ ಮೇಲೆ ಕೊಳೆ, ಅಥವಾ ಕಿಟಕಿಯ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿರುವುದು. ನೀರಿದ್ದೂ ನೀರಿಲ್ಲ ಎಂದರೆ ಪಂಪಿನ ಬಾಯಿಯ ಜರಡಿ. ಅರ್ಧ ರೋಗವನ್ನು ಆತ ಮೂರ್ನಾಡಿನಲ್ಲಿ ಕೂತೇ ಹಿಡಿದಿದ್ದ, ಮತ್ತು ಆ ಅರ್ಧವನ್ನು ಹಿಡಿಯಲು ಆತನಿಗೆ ಬೇಕಾಗಿದ್ದದ್ದು ಸರಿಯಾಗಿ ನೋಡಿ ಹೇಳುವ ಒಬ್ಬರು ಮಾತ್ರ.

ಒಂದು ಪುಟ್ಟ ಯಂತ್ರಕ್ಕಾಗಿ ಆತ ನಮ್ಮ ಮನೆಯವರೆಗೆ ಬರುವುದು ಲೆಕ್ಕಕ್ಕೆ ಕೂರುವ ಮಾತಲ್ಲ, ಅದನ್ನು ಆತ ಮುಚ್ಚಿಡಲೂ ಇಲ್ಲ. ಮೂರ್ನಾಡಿನಿಂದ ಬೈಕಿನಲ್ಲಿ ಬಂದುಹೋಗಲು ಅರ್ಧ ದಿನ. ಆ ಅರ್ಧ ದಿನದಲ್ಲಿ ಪೇಟೆಯಲ್ಲಿ ಮೂರು ಫ್ರಿಜ್ಜು ನೋಡಬಹುದು. ಯಂತ್ರವನ್ನು ತಂದುಕೊಡಿ, ಇಲ್ಲವೇ ಅಕ್ಕಪಕ್ಕದಲ್ಲಿ ಬೇರೆ ಕೆಲಸ ಇದ್ದರೆ ಒಟ್ಟು ಮಾಡಿಡಿ ಎಂದ. ಎರಡನೆಯದನ್ನೇ ಆರಿಸಿಕೊಂಡೆ. ಮೇಲಿನ ಮನೆಯ ದೊಡ್ಡಮ್ಮನ ಫ್ರಿಜ್ಜಿನ ಬಾಗಿಲಿನ ರಬ್ಬರು ಎರಡು ಮಳೆಗಾಲದಿಂದ ಹರಿದು ನೇತಾಡುತ್ತಿತ್ತು, ತೋಟದಾಚೆಯ ಹೋಂಸ್ಟೇಯವರ ಫ್ರೀಜರಿನಲ್ಲಿ ಬರ್ಫದ ಗುಡ್ಡೆ ಬೆಳೆದಿತ್ತು. ಮೂರು ಮನೆ ಸೇರಿದ ಮೇಲೆ ಭಾನುವಾರ ಬರುತ್ತೇನೆಂದು ಒಪ್ಪಿದ. ಗುಡ್ಡದ ಮೇಲಿನವರು ರಿಪೇರಿಯವರು ಬರುವುದೇ ಇಲ್ಲವೆಂದು ದೂರುವಾಗ, ಅವರು ಬಂದುಹೋಗುವ ಪೆಟ್ರೋಲಿನ ಲೆಕ್ಕವನ್ನು ಹಾಕುವುದಿಲ್ಲ, ನಾನೂ ಹಾಕಿದ್ದವಳಲ್ಲ.

ಭಾನುವಾರ ಬಂದವನು ಯಂತ್ರದ ಹತ್ತಿರವೇ ಹೋಗಲಿಲ್ಲ. ಮೊದಲು ಗೋಡೆಯ ಸಾಕೆಟ್ಟಿಗೆ ಮೀಟರಿನ ಎರಡು ಕಡ್ಡಿಗಳನ್ನು ಚುಚ್ಚಿದ. 178. ಮಧ್ಯಾಹ್ನ ಮೂರು ಗಂಟೆಗೆ 178 ವೋಲ್ಟು. ಮನೆಗೆ ಬರಬೇಕಾದದ್ದು 230, ನೂರಕ್ಕೆ ಆರು ಪಾಲು ಹೆಚ್ಚುಕಡಿಮೆಯಾದರೂ 216ರ ಕೆಳಗಿಳಿಯಬಾರದು. "ಎಲ್ಲರ ತೋಟದಲ್ಲೂ ಜೆಟ್ ಓಡ್ತಿದೆಯಲ್ಲ ಅಕ್ಕ" ಎಂದ. ಹೌದು, ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರಿನಿಂದ ನೀರು ಹಾರಿಸುವ ಕಾಲ. ಹೊಳೆಯ ದಡದಲ್ಲಿ, ಕೆರೆಯ ಏರಿಯಲ್ಲಿ ಮೋಟಾರುಗಳೆಲ್ಲ ಒಟ್ಟಿಗೆ ಎಳೆಯುವಾಗ ಸಾಲಿನ ಕೊನೆಯ ಮನೆಗೆ ಉಳಿದಷ್ಟು ಕರೆಂಟು. ಕಂಪ್ರೆಸರಿನೊಳಗಿರುವಂಥ ಮೋಟಾರುಗಳ ಎತ್ತುವ ಬಲ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ, ತಕ್ಕಂತೆ ಕುಗ್ಗುತ್ತದೆ. 230ರ ಬದಲು 178 ಬಂದಾಗ ವೋಲ್ಟೇಜು ಕಾಲುಭಾಗದಷ್ಟು ಇಳಿದಿದೆ ಎಂದು ನಮಗೆ ಕಂಡರೂ, ಕಂಪ್ರೆಸರಿಗೆ ಉಳಿಯುವುದು ನೂರಕ್ಕೆ ಅರವತ್ತರಷ್ಟು ಬಲ. ಬಲ್ಬು ಮಂಕಾಗಿ ಉರಿದೀತು. ಕಂಪ್ರೆಸರು ಅರ್ಧ ತಿರುಗಲಾರದು. ತಿರುಗಲಾಗದೆ ನಿಂತಲ್ಲೇ ವಿಪರೀತ ಕರೆಂಟು ಎಳೆದು ಬಿಸಿಯಾದಾಗ, ಒಳಗಿನ ತಂತಿಯ ಸುರುಳಿ ಸುಟ್ಟುಹೋಗದಿರಲೆಂದು ಅದರ ಮೈಗೆ ಅಂಟಿಕೊಂಡಿರುವ ಓವರ್‌ಲೋಡ್ ಎಂಬ ಬಿಲ್ಲೆ ಟಕ್ ಎಂದು ಕರೆಂಟನ್ನು ಕಡಿಯುತ್ತದೆ. ನನ್ನ ನಿದ್ದೆ ಕೆಡಿಸಿದ್ದ ಆ ಟಕ್, ಯಂತ್ರವನ್ನು ಉಳಿಸುತ್ತಿದ್ದ ಸದ್ದು.

ಆಮೇಲೆ ಹಿಂದಿನ ತಗಡನ್ನು ಬಿಚ್ಚಿದ. ಜಾಲರಿ ಎಂದು ನಾನು ಕರೆಯುತ್ತಿದ್ದ ಕಂಡೆನ್ಸರಿನ ಮೇಲೆ ಕಂಬಳಿಯಂಥ ಪದರ. ಡಿಸೆಂಬರಿನಿಂದ ಕಣದಲ್ಲಿ ಕಾಫಿ ಒಣಗುತ್ತಿದ್ದ ಕಾಲವೆಲ್ಲ ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಚೆರ್ರಿಯ ಸಿಪ್ಪೆಯ ಧೂಳು, ನಾಯಿಯ ಕೂದಲು, ಒಗ್ಗರಣೆಯ ಜಿಡ್ಡು ಸೇರಿ ಗಟ್ಟಿಯಾಗಿದ್ದವು. ಬಣ್ಣ ಬಳಿಯುವ ಬ್ರಷ್ಷಿನಿಂದ ಉಜ್ಜಿದಾಗ ಅಂಗೈಯಗಲದ ತುಂಡುಗಳಾಗಿ ಎದ್ದು ಬಂದವು. ಬಿಸಿಯನ್ನು ಹೊರಹಾಕಲಾಗದ ಯಂತ್ರದಲ್ಲಿ ಅನಿಲದ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಕಂಪ್ರೆಸರಿಗೆ ಹೊರೆ. ಒಂದು ಕಡೆ ಬಲ ಕಡಿಮೆ, ಇನ್ನೊಂದು ಕಡೆ ಹೊರೆ ಹೆಚ್ಚು.

ನಡುವೆ ನೋಡಬೇಕಾದದ್ದು ಕಂಪ್ರೆಸರಿನ ಸುರುಳಿ ಬದುಕಿದೆಯೇ ಎಂಬುದು. ಅದರ ಮೈಯಿಂದ ಮೂರು ಕಡ್ಡಿಗಳು ಹೊರಬಂದಿವೆ. ಒಂದು ಇಬ್ಬರಿಗೂ ಸೇರಿದ್ದು, ಒಂದು ಹೊರಡಿಸುವ ಸುರುಳಿಯದು, ಒಂದು ಓಡಿಸುವ ಸುರುಳಿಯದು. ಮೀಟರನ್ನು ಎರಡೆರಡಕ್ಕೆ ಹಿಡಿದು ಮೂರು ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ, ಎರಡು ಸಣ್ಣವು ಕೂಡಿದರೆ ದೊಡ್ಡದು ಬರಬೇಕು, ಬಂದಿದೆ, ಕಂಪ್ರೆಸರಿಗೇನೂ ಆಗಿಲ್ಲ ಎಂದ. ಕಡ್ಡಿಗಳ ಮೇಲೆ ಕೂರುವ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯನ್ನು, ಅಂದರೆ ರಿಲೇಯನ್ನು, ಎಳೆದು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಮತ್ತೆ ನನ್ನ ಕಿವಿಯ ಹತ್ತಿರ ಹಿಡಿದ. ಗಲಗಲ ಎಂದಿತು, ಒಣಗಿದ ಮೆಣಸಿನ ಕಾಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿದಂತೆ. ಅದರೊಳಗೆ ಪಿಂಗಾಣಿಯಂಥ ಒಂದು ಬಿಲ್ಲೆ ಇರುತ್ತದೆ. ತಣ್ಣಗಿರುವಾಗ ಹೊರಡಿಸುವ ಸುರುಳಿಗೆ ಕರೆಂಟು ಬಿಡುತ್ತದೆ, ಒಂದೆರಡು ಕ್ಷಣದಲ್ಲಿ ತಾನೇ ಕಾದು ಆ ದಾರಿಯನ್ನು ಮುಚ್ಚುತ್ತದೆ. ಮತ್ತೆ ತಣಿಯಲು ಕೆಲವು ನಿಮಿಷ ಬೇಕು. ನಮ್ಮಲ್ಲಿ ಕರೆಂಟು ಹೋಗಿ ಹತ್ತು ಸೆಕೆಂಡಿಗೆ ಬರುವುದು, ಬಂದು ಮತ್ತೆ ಹೋಗುವುದು ಹೊಸತಲ್ಲ. ತಣಿಯುವ ಮೊದಲೇ ಕರೆಂಟು ಬಂದರೆ ಹೊರಡಿಸುವ ಸುರುಳಿಗೆ ಏನೂ ತಲುಪುವುದಿಲ್ಲ, ಕಂಪ್ರೆಸರು ಒದ್ದಾಡುತ್ತದೆ, ಬಿಲ್ಲೆ ಕಾಯುತ್ತಲೇ ಇರುತ್ತದೆ, ಕೊನೆಗೊಂದು ದಿನ ಸೀಳುತ್ತದೆ. ನಮ್ಮದು ಮೂರು ಚೂರಾಗಿತ್ತು. ಆತ ಅದನ್ನು ಒಡೆದು ಅಂಗೈಯಲ್ಲಿಟ್ಟು ತೋರಿಸಿದ. ಒಂದು ಚೂರಿನ ಅಂಚು ಸುಟ್ಟು ಕಪ್ಪಾಗಿತ್ತು.

ಹೊಸ ರಿಲೇ, ಹೊಸ ಓವರ್‌ಲೋಡ್, ಎರಡೂ ಆತನ ಚೀಲದಲ್ಲೇ ಇದ್ದವು, ಏಕೆಂದರೆ ಅವು ಐಸ್ ಯಂತ್ರದವಲ್ಲ, ಯಾವ ಸಣ್ಣ ಫ್ರಿಜ್ಜಿಗೂ ಹಾಕುವಂಥವು. ಕಂಪ್ರೆಸರಿನ ಅಳತೆಗೆ ಹೊಂದುವುದನ್ನು ಆರಿಸಿ ಕೂರಿಸಿದ. ಕಂಪನಿಯ ಬಿಡಿಭಾಗಕ್ಕೆ ಕಾಯಬೇಕಾಗಬಹುದೆಂದು ಹೆದರಿದ್ದೆ. ಯಂತ್ರದ ಹೊರಗಿನ ಹೆಸರು ಯಾವುದೇ ಇರಲಿ, ಹೊಟ್ಟೆಯೊಳಗಿರುವ ಬಹುಪಾಲು ಸಾಮಾನು ಎಲ್ಲ ಫ್ರಿಜ್ಜುಗಳಿಗೂ ಬಂಧುಬಳಗ. ಇದನ್ನು ಹೇಳುವ ಆಸಕ್ತಿ ಮಾರುವವರಿಗೆ ಇರುವುದಿಲ್ಲ.

ಗ್ಯಾಸ್ ಹಾಕಿಸಲು ಹೇಳಿದ್ದರೆಂದು ತಿಳಿಸಿದಾಗ ಆತ ಯಂತ್ರದ ಹಿಂದಿನ ಚೀಟಿಯನ್ನು ಓದಿಸಿದ. ಆರ್-600ಎ, 22 ಗ್ರಾಂ. ಐಸೋಬ್ಯೂಟೇನ್, ಅಡುಗೆ ಅನಿಲದ ದಾಯಾದಿ, ಬೆಂಕಿ ಹತ್ತುವಂಥದ್ದು. ಹಳೆಯ ಫ್ರಿಜ್ಜುಗಳ ಆರ್-134ಎ ಬೆಂಕಿ ಹಿಡಿಯುವುದಿಲ್ಲ, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಮುಂದು. ಅದಕ್ಕೇ ಹೊಸ ಯಂತ್ರಗಳಲ್ಲಿ ಇದು ಬಂದಿದೆ. ಇದನ್ನು ಹಾಕಬೇಕಾದರೆ ಕೊಳವೆ ಕತ್ತರಿಸಿ, ಉಳಿದ ಅನಿಲವನ್ನು ಗಾಳಿಯಾಡುವ ಕಡೆ ಜೋಪಾನವಾಗಿ ಹೊರಬಿಟ್ಟು, ಸೋರಿಕೆ ಮುಚ್ಚಿ, ಫಿಲ್ಟರ್ ಬದಲಿಸಿ, ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಎಳೆದು, ತಕ್ಕಡಿಯ ಮೇಲೆ ಗ್ರಾಮಿನ ಲೆಕ್ಕದಲ್ಲಿ ತುಂಬಿಸಬೇಕು. ಅಂದಾಜಿನಲ್ಲಿ ಐದಾರು ಗ್ರಾಂ ಹೆಚ್ಚಾದರೂ ಇಷ್ಟು ಸಣ್ಣ ಯಂತ್ರ ಹದ ತಪ್ಪುತ್ತದೆ. "ತಕ್ಕಡಿ ಇಲ್ಲದವರ ಹತ್ತಿರ ಇದಕ್ಕೆ ಗ್ಯಾಸ್ ಹಾಕಿಸಬೇಡಿ ಅಕ್ಕ, ನನ್ನ ಹತ್ತಿರ ಆದರೂ ಸರಿ, ಮೊದಲು ತಕ್ಕಡಿ ಕೇಳಿ" ಎಂದ. ರಿಪೇರಿಯವರನ್ನು ಆರಿಸಲು ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು ಇದೇ.

ನೀರಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಸಣ್ಣ ಚರ್ಚೆಯಾಯಿತು. ತಿಂಗಳಿಗೊಮ್ಮೆ ಸಿಟ್ರಿಕ್ ಆಸಿಡಿನಿಂದ ಸುಣ್ಣದ ಪೊರೆ ತೊಳೆಯಬೇಕೆಂದು ಕೈಪಿಡಿ ಹೇಳುತ್ತದೆ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರಿಗೆ ಅದು ಸರಿ. ನಮ್ಮ ಒರತೆಯ ನೀರು ಮೃದು, ವರ್ಷವಾದರೂ ತೊಟ್ಟಿಯಲ್ಲಿ ಬಿಳಿ ಕಲೆ ಬಿದ್ದಿರಲಿಲ್ಲ. ಬಿದ್ದಿದ್ದದ್ದು ಕಬ್ಬಿಣದ ಕೆಂಪು ಕಲೆ, ಅದರ ಮೇಲೊಂದು ಲೋಳೆ. ಅದಕ್ಕೆ ಬೇಕಾದದ್ದು ಸೋಸಿದ ನೀರು ಮತ್ತು ಬಳಸದ ದಿನಗಳಲ್ಲಿ ತೊಟ್ಟಿಯನ್ನು ಖಾಲಿ ಮಾಡಿ ಒರೆಸಿಡುವ ಅಭ್ಯಾಸ. ಹುಳಿ ಯಾವುದಾದರೇನು, ಕಾಚಂಪುಳಿ ಹಾಕಿ ಉಜ್ಜಿದರಾಯಿತು ಎಂದು ದೊಡ್ಡಮ್ಮ ನಡುವೆ ಸಲಹೆ ಕೊಟ್ಟರು. ಹಂದಿ ಸಾರಿಗೆ ಮೀಸಲಾದ ಆ ಕಪ್ಪು ರಸವನ್ನು ಅವ್ವನ ಐಸಿಗೆ ಬೆರೆಸುವ ಯೋಚನೆಯನ್ನು ಎಲ್ಲರೂ ಸೇರಿ ತಡೆದೆವು.

ರಿಪೇರಿಗೆ 650 ರೂಪಾಯಿ ತೆಗೆದುಕೊಂಡ. ಸಾಮಾನಿಗೆ 350, ಕೂಲಿಗೆ 300, ಪೆಟ್ರೋಲನ್ನು ಬೇರೆಯಾಗಿ ಮೂರು ಮನೆಗೆ ಹಂಚಿದ. ಸ್ಟೆಬಿಲೈಸರ್ ಬೇರೆ ಕೊಳ್ಳಬೇಕಾಯಿತು, ಕರೆಂಟು ಬಂದ ಮೇಲೆ ಮೂರು ನಿಮಿಷ ತಡೆದು ಬಿಡುವಂಥದ್ದನ್ನೇ ತನ್ನಿ ಎಂದು ಒತ್ತಿ ಹೇಳಿದ್ದ. ಯಂತ್ರವನ್ನು ಜೀಪಿನಲ್ಲಿ ಅಡ್ಡ ಮಲಗಿಸಿ ಮಡಿಕೇರಿಗೆ ಒಯ್ದಿದ್ದೆನೆಂದು ತಿಳಿದಾಗ ಮಾತ್ರ ಹಣೆ ಚಚ್ಚಿಕೊಂಡ. ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಇಳಿಯುತ್ತದಂತೆ. ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು, ಅಡ್ಡವಾಗಿದ್ದರೆ ಮನೆಗೆ ತಂದು ನಿಲ್ಲಿಸಿ ಒಂದು ರಾತ್ರಿ ಬಿಟ್ಟು ಪ್ಲಗ್ಗು ಹಾಕಬೇಕು. ನಮ್ಮ ಪುಣ್ಯಕ್ಕೆ ಅಂದು ರಾತ್ರಿ ಕರೆಂಟೇ ಇರಲಿಲ್ಲ.

ಹೊರಡುವ ಮೊದಲು, ಹಿಂದಿನ ತಗಡನ್ನು ಮುಚ್ಚುವ ಮುನ್ನ, ಆತ ಜೇಬಿನಿಂದ ಮಾರ್ಕರು ತೆಗೆದು ತಗಡಿನ ಒಳಮೈಯಲ್ಲಿ ತಾರೀಕು ಹಾಕಿ, "ರಿಲೇ, ಓಎಲ್ ಹೊಸದು, 178 ವೋಲ್ಟ್" ಎಂದು ಬರೆದ. ಮುಂದೆ ಯಾರು ಬಿಚ್ಚಿದರೂ ಓದಿಕೊಳ್ಳಲಿ ಎಂದ. ಜೂನಿನ ಮೊದಲ ಮಳೆಗೆ ಮುಂಚೆ ನಾನೇ ಸ್ಕ್ರೂಡ್ರೈವರ್ ಹಿಡಿದು, ಪ್ಲಗ್ಗು ತೆಗೆದಿದ್ದೇನೆಯೇ ಎಂದು ಎರಡು ಸಲ ನೋಡಿಕೊಂಡು, ಆ ತಗಡನ್ನು ಬಿಚ್ಚಿದೆ. ಕಣದ ಕೆಲಸ ಮುಗಿದಿದ್ದರಿಂದ ಧೂಳು ಹೆಚ್ಚಿರಲಿಲ್ಲ. ಹಲ್ಲಿಯ ಒಂದು ಮೊಟ್ಟೆ ಸಿಕ್ಕಿತು. ಜಾಲರಿಯನ್ನು ಬ್ರಷ್ಷಿನಿಂದ ಗುಡಿಸಿ, ಆತನ ಸಾಲಿನ ಕೆಳಗೆ ಮಾರ್ಕರಿನಲ್ಲಿ ಬರೆದೆ: "ಜೂನ್ 2, ಜಾಲರಿ ಒರೆಸಿದೆ, 221 ವೋಲ್ಟ್." ಒಳಗಿನ ಕೋಣೆಯಿಂದ ಅವ್ವ, ಕೋಲಿಲ್ಲದೆ ಬಾಗಿಲವರೆಗೆ ನಡೆದು ಬಂದು, ಬುಟ್ಟಿಯಲ್ಲಿ ಐಸಿದೆಯೇ, ಪ್ಯಾಶನ್ ಫ್ರೂಟ್ ಜ್ಯೂಸಿಗೆ ಬೇಕಿತ್ತು ಎಂದರು.